ಬೇಲಿಯ ಮೇಲಿನ ಬಸಳೆ

ಕೋಪರಖೈರಣೆ

ತೈಲ ಕಂಪನಿಯ ಸಿದ್ಧೇಶ್ವರ ಸಾಹೇಬರಿಗೆ ನಮಸ್ಕಾರ.

ಲೀಸ್ ಪಡೆದು ಎಣ್ಣೆ ಬಾವಿ ಕೊರೆಯದೆ ಬಿಟ್ಟ ಸರ್ಕಾರಿ ಜಾಗವನ್ನೆಲ್ಲ ಕಂಪನಿಗಳು ವಾಪಸ್ ಕೊಡಬೇಕೆಂದು ಆದೇಶ ಬಂದಿದೆಯಂತೆ. ಖಾಡಿಯ ಹಿನ್ನೀರಿನ ಪಕ್ಕದ ನಮ್ಮ ಮೈದಾನವೂ ಸಿಕ್ಕಿತೆಂದು ನಿನ್ನೆ ಗಲ್ಲಿಯಲ್ಲಿ ಪೇಡೆ ಹಂಚಿದೆವು. ನಿಮಗೆ ಬೇಸರವಾಗಿರಬಹುದು.

ಒಂದೇ ವಿನಂತಿ. ಮೈದಾನದ ಸುತ್ತ ನೀವು ಹಾಕಿದ ಬೇಲಿ ತೆಗೆಯುವಾಗ ನಮ್ಮ ಹೋಟೆಲಿನ ಹಿಂದಿನ ತುಂಡು ಮಾತ್ರ ಹಾಗೇ ಇರಲಿ. ಊರಿಂದ ತಂದು ನೆಟ್ಟ ಬಸಳೆ ಅದರ ಮೇಲೆಲ್ಲ ಹಬ್ಬಿ, ಈಗಷ್ಟೇ ದಂಟು ದಪ್ಪವಾಗಿದೆ.

"ಬೇಲಿ ತೆಗೀರಿ ಅಂತ ಮೋರ್ಚಾಕ್ಕೂ ಹೋಗ್ತಿ, ಅದಕ್ಕೇ ಬಸಳೆಯೂ ಹಬ್ಬಿಸ್ತಿ, ಎಂಥ ಹೆಂಗಸು ಮಾರಾಯ್ತಿ ನೀನು!" ಎಂದು ನಮ್ಮವರು ನಗುತ್ತಾರೆ.

ಆ ನೆಲದಿಂದ ಏನೂ ಸಿಗಲಿಲ್ಲವೆಂದು ವರದಿ ಬರೆಯುವ ಮೊದಲು ಒಮ್ಮೆ ಊಟಕ್ಕೆ ಬನ್ನಿ.

ನಿಮ್ಮ ಬೇಲಿಯ ಋಣದಲ್ಲಿರುವ
ಅಪ್ಪಿ ಪೂವಪ್ಪ ಪೂಜಾರಿ