ಹನ್ನೊಂದು ದಿನ ಹಿಂದಕ್ಕೆ

ಶುಕ್ರವಾರ, ಒಂಬತ್ತನೇ ಉಪವಾಸ

ಮಗಳೇ,

ಸಲಾಂ ಹೇಳಿದ್ದೇನೆ. ಸಲಾಮಿಗೆ ಉತ್ತರ ಕೊಡದೆ ಇರಬಾರದು, ಬೈದಾದರೂ ಕೊಡು.

ನೀನು ಹೋಗಿ ಹತ್ತು ತಿಂಗಳಾಯಿತು. ನಾನು ಇನ್ನೂ ಅದೇ ಲಾಂಡ್ರಿಯಲ್ಲಿ ಆಸ್ಪತ್ರೆಯ ಚಾದರಗಳನ್ನು ಹಬೆ ಯಂತ್ರಕ್ಕೆ ಕೊಡುತ್ತಿದ್ದೇನೆ. ರಂಜಾನ್ ತಿಂಗಳಿಗೆ ಬೆಳಗಿನ ಪಾಳಿ ಬೇಕಾದರೆ ಮೊದಲೇ ತಾರೀಖು ಬರೆದು ಫಾರಂ ಕೊಡಬೇಕಲ್ಲ, ಅದನ್ನು ಪ್ರತಿ ವರ್ಷ ತುಂಬುತ್ತಿದ್ದವಳು ನೀನು. ಈ ಸಲ ನಾನೇ ತುಂಬಿದೆ. ಸೂಪರ್‌ವೈಸರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಏನಮ್ಮಾ ನಿಮ್ದು, ವರ್ಷಕ್ಕೊಂದು ತಾರೀಖು! ಒಂದು ದಿನ ಗಟ್ಟಿ ಮಾಡ್ಕೊಳಕ್ಕಾಗಲ್ವಾ?" ಎಂದ.

ಬಿಡುತ್ತೇನೆಯೇ? ಚಂದ್ರನ ತಿಂಗಳಿಗೆ ಇಪ್ಪತ್ತೊಂಬತ್ತೋ ಮೂವತ್ತೋ ದಿನ, ಅಂಥ ಹನ್ನೆರಡು ಕೂಡಿದರೆ ನಿಮ್ಮ ಕ್ಯಾಲೆಂಡರಿನ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಕಮ್ಮಿ, ಅದಕ್ಕೇ ರಂಜಾನ್ ವರ್ಷ ವರ್ಷವೂ ಅಷ್ಟು ಮುಂಚೆ ಬರುತ್ತದೆ ಎಂದೆ. ಮೊದಲ ದಿನ ಯಾವುದೆಂದು ಹಿಂದಿನ ಸಂಜೆ ಚಂದ್ರ ಕಂಡ ಮೇಲೇ ಖಾತ್ರಿ ಎಂದೂ ಹೇಳಿದೆ. "ಚಂದ್ರನ್ನ ನಿಮ್ಮ ಹಾಜರಿ ಪುಸ್ತಕಕ್ಕೆ ಸೇರಿಸ್ಕೊಳ್ಳಿ ಸಾರ್, ಟೈಮಿಗೆ ಬರ್ತಾನೆ" ಅಂದಾಗ ಹೆಂಗಸರೆಲ್ಲ ಗೊಳ್ಳೆಂದರು. ನನಗಂತೂ ಈ ಜಾರುವ ತಾರೀಖು ನ್ಯಾಯವಾದದ್ದು ಅನ್ನಿಸುತ್ತದೆ. ಸುಡುವ ಉದ್ದ ಹಗಲು ಒಬ್ಬರ ಪಾಲಿಗೇ ಗಂಟು ಬೀಳುವುದಿಲ್ಲ. ಮೂವತ್ತಮೂರು ವರ್ಷದಲ್ಲಿ ಎಲ್ಲ ಕಾಲವನ್ನೂ ಸುತ್ತಿ ಬರುತ್ತದೆ. ಹಾಗೆ ಹಂಚುವ ಮಾಲೀಕನನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಭಾಷಣ ಬಿಗಿದವಳು ಲೆಕ್ಕದಲ್ಲಿ ಎಡವಿದೆ. ಹೋದ ವರ್ಷದ ತಾರೀಖಿನಿಂದ ಹನ್ನೊಂದು ದಿನ ಕಳೆಯುವ ಬದಲು ಕೂಡಿಸಿಬಿಟ್ಟೆ. ಇಪ್ಪತ್ತೆರಡು ಉಪವಾಸ ಮುಗಿದ ಮೇಲೆ ನನಗೆ ಬೆಳಗಿನ ಪಾಳಿ! ಅಲ್ಲಿವರೆಗೆ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು, ಹಬೆಯ ಮುಂದೆ. ನಗಬೇಡ.

ಮೊದಲ ದಿನ ಸೂರ್ಯ ಮುಳುಗುವ ಹೊತ್ತಿಗೆ ಯಂತ್ರ ಬಿಡಲು ಸೂಪರ್‌ವೈಸರ್ ಒಪ್ಪಲಿಲ್ಲ. ಪಕ್ಕದ ಯಂತ್ರದ ಗುಡುಗಕ್ಕ ತನ್ನ ಯಂತ್ರ ಆರಿಸಿ, "ನೀರು ಕುಡಿಯೋಕೂ ಚೀಟಿ ಬೇಕೇನ್ರೀ?" ಎಂದು ಗದರಿದಳು. ಸಾಲಾಗಿ ಎಂಟು ಯಂತ್ರ ನಿಂತವು. ಈಗ ದಿನವೂ ಐದು ನಿಮಿಷ ನಿಲ್ಲುತ್ತವೆ.

ಸಂಘದ ಸಭೆಯಲ್ಲಿ ಗಂಟಲು ಹರಿಯುವಂತೆ ಕೂಗುವ ನಾನು, ನೀನು ಮೆಚ್ಚಿದವನನ್ನು ಕರೆತಂದ ದಿನ ನನ್ನ ತಮ್ಮ, ನಿನ್ನ ಮಾವ, ನಿಮ್ಮ ಮುಖಕ್ಕೆ ಬಾಗಿಲು ಹಾಕಿದಾಗ ಬಾಯಿಗೆ ಬೀಗ ಜಡಿದುಕೊಂಡೆ. ಹೊರಗಿನವರೆದುರು ಹುಲಿ, ತಮ್ಮನೆದುರು ಇಲಿ. ಅದು ಹೇಡಿತನ, ಬೇರೆ ಹೆಸರಿಲ್ಲ. ಕ್ಷಮಿಸು ಎಂದು ಕೇಳುತ್ತಿದ್ದೇನೆ. ಈ ತಿಂಗಳು ಮುಗಿಯುವುದರೊಳಗೆ ಒಂದು ಸಂಜೆ ಬಾ. ಅವನನ್ನೂ ಕರೆದುಕೊಂಡು ಬಾ. ಬಾಗಿಲು ನಾನೇ ತೆರೆಯುತ್ತೇನೆ.

ನನ್ನ ಚಿಂತೆ ಬೇಡ, ಗಟ್ಟಿಯಾಗಿದ್ದೇನೆ.

ನಿನ್ನ
ಅಮ್ಮಿ

ಮರೆತದ್ದು: ಲೆಕ್ಕ ತಪ್ಪಿದೆನೆಂದು ಬರೆದದ್ದು ಸುಳ್ಳು. ಗೊತ್ತಿದ್ದೇ ಕೂಡಿಸಿದೆ. ಬೆಳಗಿನ ಪಾಳಿಯಾದರೆ ಸಂಜೆ ನಾವಿಬ್ಬರೂ ಇದ್ದ ಆ ಕೋಣೆಯಲ್ಲಿ ಒಬ್ಬಳೇ ಕೂತು ಉಪವಾಸ ಬಿಡಬೇಕು. ಲಾಂಡ್ರಿಯಲ್ಲಾದರೆ "ಹೊತ್ತಾಯ್ತು ಕಣೇ, ಕುಡಿ" ಅನ್ನಲು ಗುಡುಗಕ್ಕ ಇದ್ದಾಳೆ. ನೀವಿಬ್ಬರೂ ಬರುವ ದಿನ ತಿಳಿಸು, ಅವತ್ತಿನ ಪಾಳಿ ಬದಲಾಯಿಸಿಕೊಳ್ಳುತ್ತೇನೆ.