ಒಣಬಾವಿಯಲ್ಲಿ ಉಳಿದ ತೊಮಾಸಾ

ಕೋರೊ, ವೆನೆಜುವೆಲಾ
೧೯ ಜೂನ್ ೨೦೧೯, ಬುಧವಾರ

ಪ್ರೀತಿಯ ತಂಗಿ ಯುಸ್ಮೇಲಿ,

ಹೇಗಿದ್ದೀಯ? ಲಿಮಾದ ಬಿಸಿಲಿಲ್ಲದ ಚಳಿಗೆ ಹಿಡಿದ ಕೆಮ್ಮು ಬಿಟ್ಟಿತೇ? ಬೆಳಗ್ಗೆ ಬಸ್ ನಿಲ್ದಾಣದಲ್ಲಿ ಅರೆಪಾ ರೊಟ್ಟಿ ಮಾರಲು ನಿಲ್ಲುವಾಗ ಕಿವಿಗೆ ಬಟ್ಟೆ ಕಟ್ಟಿಕೋ. ಚಿಕ್ಕಂದಿನಿಂದಲೂ ನಿನಗೆ ಕಿವಿಯದೇ ತೊಂದರೆ. ನಾನು ಇದ್ದೇನೆ. ಮೂರು ದಿನದಿಂದ ಕರೆಂಟಿಲ್ಲ, ಫೋನು ಸತ್ತು ಬಿದ್ದಿದೆ. ಅದಕ್ಕೇ ಈ ಕಾಗದ.

ನನ್ನ ಶಾಲೆಯ ಮಕ್ಕಳಿಗೆಂದು ನಾವಿಬ್ಬರೂ ಸೇರಿ ಬರೆಯುತ್ತಿದ್ದ ಪುಸ್ತಕದ ವಿಷಯ ಹೇಳಬೇಕು. ಎರಡನೆಯ ಭಾಗದ ಕೊನೆಯಲ್ಲಿ ತೊಮಾಸಾಳನ್ನು ಒಣಬಾವಿಗೆ ಇಳಿಸಿ ಬಿಟ್ಟಿದ್ದೇವೆ, ನೆನಪಿದೆಯಲ್ಲ? ಇನ್ನೂರು ವರ್ಷಗಳ ಹಿಂದೆ ಕಬ್ಬಿನ ತೋಟದಿಂದ ಓಡಿಬಂದ ಗುಲಾಮರ ಹುಡುಗಿ. ಅವಳು ಸಿಳ್ಳೆ ಹಾಕಿದರೆ ಮರಳುದಿಬ್ಬದ ಗಾಳಿ ಬಂದು ಅವಳ ಹೆಜ್ಜೆಗುರುತು ಅಳಿಸುತ್ತದೆ. ಬಾವಿಯ ಸುತ್ತ ಸಿಪಾಯಿಗಳು, ಗಂಟಲೊಣಗಿ ಸಿಳ್ಳೆ ಬರುತ್ತಿಲ್ಲ. ಅಲ್ಲಿಗೆ ನಿಲ್ಲಿಸಿ, ಮಕ್ಕಳು ಪರದಾಡಲಿ ಎಂದು ನಗುತ್ತಾ ಎದ್ದಿದ್ದೆವು. ಆಮೇಲೆ ನೀನು ಹೊರಟುಹೋದೆ.

ನನ್ನ ಆರನೆಯ ತರಗತಿಯಲ್ಲಿ ಮೂವತ್ತನಾಲ್ಕು ಮಕ್ಕಳಿದ್ದರು. ಈಗ ಏಳು; ಉಳಿದವರೆಲ್ಲ ಹೊಟ್ಟೆಪಾಡಿಗೆ ಮನೆಯವರ ಜೊತೆ ದೇಶ ಬಿಟ್ಟರು. ಊರು ಬಿಡುವ ಪ್ರತಿ ಮಗುವೂ ಕೊನೆಯ ದಿನ ನನ್ನ ಮೇಜಿನ ಹತ್ತಿರ ಬಂದು ಕೇಳುವುದು ಒಂದೇ: "ಟೀಚರ್, ನಂಗಂತೂ ಮೂರನೇ ಭಾಗ ಸಿಗಲ್ಲ. ತೊಮಾಸಾಗೆ ಏನಾಗುತ್ತೆ, ಕಿವೀಲಾದ್ರೂ ಹೇಳಿ." ಹೇಳಿದೆ. ಒಬ್ಬನಿಗೆ, ಮೇಕೆಯೊಂದು ಅವಳ ಬದಲು ಸಿಳ್ಳೆ ಹಾಕಿತೆಂದೆ. ಇನ್ನೊಬ್ಬಳಿಗೆ, ದೋಣಿ ಹತ್ತಿ ಅಮ್ಮನನ್ನು ಸೇರಿಕೊಂಡಳೆಂದೆ. ಆ ಹೊತ್ತಿಗೆ ಬಾಯಿಗೆ ಬಂದದ್ದು. ಹೋದ ತಿಂಗಳು ಅವರಿಬ್ಬರೂ ಬೊಗೋಟಾದ ಒಂದೇ ಶಾಲೆಯಲ್ಲಿ ಸಿಕ್ಕಿ, ಇದೇ ವಿಷಯಕ್ಕೆ ಜುಟ್ಟು ಹಿಡಿದು ಜಗಳವಾಡಿದರಂತೆ. ಹುಡುಗಿ ಫೋನಿಗೆ ಧ್ವನಿ ಕಳಿಸಿದ್ದಳು: "ಮೇಕೆ ಅಂತೆ, ದೋಣಿ ಅಂತೆ! ನಿಮಗೇ ಗೊತ್ತಿಲ್ಲ, ಅಲ್ವಾ ಟೀಚರ್?" ಎರಡು ದಿನ ನನಗೆ ಊಟ ಸೇರಲಿಲ್ಲ.

ಸರಿ, ಬರೆದೇ ಬಿಡೋಣವೆಂದು ಕುಳಿತೆ. ಆದರೆ ಇತಿಹಾಸ ನನ್ನದು, ಮಾಯೆ ನಿನ್ನದು. ಹಾಗೇ ಅಲ್ಲವೇ ನಾವು ಬರೆದದ್ದು? ನಾನು ಹಳೆಯ ದಾಖಲೆ ಓದುತ್ತಿದ್ದರೆ, "ಇಲ್ಲಿ ಗಾಳಿಗೆ ಕಿವಿ ಬರ್ಲಿ, ಅಕ್ಕಾ" ಎಂದು ನೀನು ಪೆನ್ನು ಕಿತ್ತುಕೊಳ್ಳುತ್ತಿದ್ದೆ. ನೀನಿಲ್ಲದೆ ಬರೆದರೆ ದಾಖಲೆಯಲ್ಲಿದ್ದದ್ದೇ ಬಂತು. ಸಿಪಾಯಿಗಳು ಹಗ್ಗ ಇಳಿಸಿದರು; ಹುಡುಗಿಯನ್ನು ಮೇಲೆತ್ತಿ ಮಾರಿದರು; ಬಂದರಿನ ಪಟ್ಟಿಯಲ್ಲಿ ಅವಳ ಹೆಸರೂ ಇಲ್ಲ, 'ಹೆಣ್ಣು, ಸುಮಾರು ಹನ್ನೆರಡು' ಎಂದಷ್ಟೇ. ಸೋಮವಾರ ಆ ಏಳು ಮಕ್ಕಳಿಗೆ ಓದಿ ಹೇಳಿದೆ. ಅಳುತ್ತಾರೆಂದುಕೊಂಡಿದ್ದೆ. ಯಾರೂ ಅಳಲಿಲ್ಲ. ಮೀನು ಮಾರುವ ಎಲೂಟೇರಿಯಾಳ ಮೊಮ್ಮಗಳು ದಾರಿಯಾನಾ, ತರಗತಿಗೆಲ್ಲ ಜಗಳಗಂಟಿ, "ನಂಗೊತ್ತಿತ್ತು, ಹಿಂಗೇ ಆಗೋದು" ಎಂದು ಚೀಲ ಹೆಗಲಿಗೇರಿಸಿದಳು. ಹನ್ನೊಂದು ವರ್ಷದ ಮಗು, ಇವತ್ತೂ ಮೀನಿಲ್ಲ ಎನ್ನುವ ಅವಳಜ್ಜಿಯದೇ ದನಿಯಲ್ಲಿ. ಯುಸ್ಮೇಲಿ, ನನ್ನನ್ನು ಬೈದಿದ್ದರೂ ಸಹಿಸುತ್ತಿದ್ದೆ. ಅವರಿಗೆ ನಂಬಲು ಉಳಿದಿದ್ದ ಒಂದೇ ಒಂದನ್ನು ಕೈಯಾರೆ ಕೆಡಿಸಿದೆ. ಸಂಜೆ ಆ ಹಾಳೆಗಳನ್ನೆಲ್ಲ ಒಲೆಗೆ ಹಾಕಿದೆ. ಒಂದು ಲೋಟ ನೀರು ಕೂಡ ಕುದಿಯಲಿಲ್ಲ.

ಊಟ ಬಿಡಬೇಡ. ನಿನ್ನ ಕೋಣೆಯ ಜೊತೆಗಾತಿಯರನ್ನು ಕೇಳಿದೆನೆಂದು ಹೇಳು. ಮರಿಯಾ ಮಾತೆ ನಿನ್ನ ಮೇಲೊಂದು ಕಣ್ಣಿಟ್ಟಿರಲಿ.

ನಿನ್ನ ಅಕ್ಕ,
ನೋಹೇಲಿಯಾ

ತಾ.ಕ.: ಬಸ್ಸಿನ ಪಕ್ಕ ನಿಂತು ಬರೆಯುತ್ತಿದ್ದೇನೆ. ಶುಕ್ರವಾರ ನನ್ನ ತರಗತಿ ಮುಚ್ಚುತ್ತಾರೆ. ಈ ಕಾಗದ ತರುತ್ತಿರುವವಳು ದಾರಿಯಾನಾ. ಅಜ್ಜಿಯ ಜೊತೆ ಲಿಮಾಕ್ಕೇ ಬರುತ್ತಿದ್ದಾಳೆ. ಈಗಷ್ಟೇ ಕಿಟಕಿಯಿಂದ ಬಗ್ಗಿ, "ನಿಮ್ಮ ತಂಗಿಗಾದ್ರೂ ಬೇರೆ ಕೊನೆ ಗೊತ್ತಾ?" ಎಂದು ಕೇಳಿದಳು. ಗೊತ್ತು ಎಂದುಬಿಟ್ಟೆ. ನೀನು ಅಲ್ಲಿಂದ, "ಇನ್ನು ಕಥೆ ಕಟ್ಟಲಾರೆ ಅಕ್ಕಾ, ಕೈಗೆ ಹಿಟ್ಟು ಕಲಸುವುದೊಂದೇ ಬರುತ್ತದೆ" ಎಂದಿದ್ದು ನೆನಪಿದ್ದೂ ಹಾಗೆಂದೆ. ಎಂಟು ದಿನದ ದಾರಿ. ಅವಳು ಬಾಗಿಲು ತಟ್ಟಿದಾಗ ಏನಾದರೂ ಹೇಳು. ಗೊತ್ತಿಲ್ಲ ಎಂದು ಮಾತ್ರ ಹೇಳಬೇಡ.