ಕೆಂಪು ಬಣ್ಣದ ಟೋ ಹುಕ್

೮ ಜೂನ್, ಭಾನುವಾರ, ನಾಸಿಕ್

ಬೆಳಿಗ್ಗೆಯಿಂದ ಜೀಪಿನ ಅಡಿಯಲ್ಲೇ ಬಿದ್ದಿದ್ದೇನೆ. ನಿನ್ನೆ ಸಂಭಾಜಿನಗರದಿಂದ ತಂದ ಸೆಕೆಂಡ್ ಹ್ಯಾಂಡ್ ಟೋ ಹುಕ್, ಗಾಡಿ ಎಳೆಯುವ ಕೊಕ್ಕೆ, ಕೂರುತ್ತಿಲ್ಲ. ಎರಡು ಹೋಲ್ ಸರಿ, ಇನ್ನೆರಡು ಅರ್ಧ ಬೆರಳು ಆಚೆ. ‘ಯಾವ ಗಾಡಿಗಾದರೂ ಕೂರುತ್ತದೆ’ ಅಂದಿದ್ದರು ಅಂಗಡಿಯ ಚನಬಸಪ್ಪ! ಡ್ರಿಲ್ ಬಿಟ್ ಎರಡು ಮುರಿದವು. ಬೋಲ್ಟ್ ಮಾತ್ರ ಹೊಸದೇ ಹಾಕಿದೆ.

ಅಲ್ಲಿ ಹುಕ್ಕನ್ನು ಸರಿಯಾಗಿ ನೋಡಲೇ ಇಲ್ಲ. ತಪ್ಪು ನನ್ನದೇ. ನನ್ನ ಹಿಂದಿ ಕೇಳಿದವರೇ, “ಶರಣ್ರೀ, ನೀವು ನಮ್ಮ ಹುಮನಾಬಾದ್ ಕಡೀದವರೇನ್ರಿ?” ಅಂದರು. ಮನೆಗೆ ಕರೆದೊಯ್ದರು. ರೊಟ್ಟಿ, ಪುಂಡಿಪಲ್ಯ. ಅವರ ಮನೆಯಲ್ಲಿ ಉಂಡು, ಅವರೆದುರಿಗೇ ಬಣ್ಣ ಕೆರೆದು ನೋಡುವುದು ಹೇಗೆ? ನಾಚಿಕೆಯಾಯಿತು.

ಅಂಗಡಿಗೆ ಇಂಥ ಎರಡು ಹುಕ್ ಜೊತೆಯಾಗಿ ಬಂದಿದ್ದವಂತೆ. ಇನ್ನೊಂದು ಅವರ ಮಗ ಗುರುಬಸವನ ಜೀಪಿಗಿದೆ. ದೌಲತಾಬಾದ್ ಕಡೆ ಸಿಕ್ಕಿಬಿದ್ದ ಗಾಡಿಗಳನ್ನು ಎಳೆಯುವುದೇ ಅವನ ಕೆಲಸ.

೧೫ ಜೂನ್, ಭಾನುವಾರ

ತ್ರ್ಯಂಬಕದ ಆಚೆ ಕೆಸರಿನಲ್ಲಿ ಹೂತೆವು. ಎಂದಿನಂತೆ ಹೆಂಡತಿ ಗೋದಾವರಿಯೇ ಇಳಿದು ಹುಕ್ಕಿಗೆ ಎಳೆಯುವ ಬೆಲ್ಟ್ ಸಿಕ್ಕಿಸಿದಳು, ಎದುರಿಗೆ ನಿಂತು ಕೈಸನ್ನೆ ಮಾಡಿದಳು. ಸ್ಟಿಯರಿಂಗ್ ನನ್ನದು, ಹೊರಗಿನ ಕಾರುಬಾರು ಅವಳದು. ಗೆಳೆಯ ಶ್ರೀರಾಮ್‌ನ ಗಾಡಿ ಎಳೆಯಿತು, ಹೊರಬಂದೆವು. ಎಳೆಯುವಾಗ ಹುಕ್ಕು ಒಂದು ಸಲ ‘ಟಕ್’ ಎಂದಿತು. ಬೋಲ್ಟ್ ಸಡಿಲಾಗಿರಬೇಕು.

೧೬ ಜೂನ್, ಸಂಜೆ ೬

ಬೋಲ್ಟ್ ಅಲ್ಲ!

ವೈರ್ ಬ್ರಷ್ ಹಾಕಿ ತಿಕ್ಕಿದೆ. ಕೆಂಪು ಬಣ್ಣದ ಕೆಳಗೆ ಪುಟ್ಟಿ. ಪುಟ್ಟಿಯ ಕೆಳಗೆ ವೆಲ್ಡಿಂಗ್. ಹಿಂದೊಮ್ಮೆ ಮುರಿದ ಹುಕ್ಕನ್ನು ಬೆಸೆದು, ಪುಟ್ಟಿ ಮೆತ್ತಿ, ಬಣ್ಣ ಬಳಿದಿದ್ದಾರೆ. ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಹೊಸ ಬಿರುಕು. ನಿನ್ನೆ ಇನ್ನೊಂದು ಸಲ ಜಗ್ಗಿದ್ದರೆ ಕಿತ್ತು ಹಾರಿ ನೇರ ಗೋದಾವರಿಯ ಎದೆಗೆ…

೧೭ ಜೂನ್

ಚನಬಸಪ್ಪನವರಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಹೆಂಡತಿ ಎದುರಿಗೇ ನಿಂತಿದ್ದಳು ಎಂದೂ ಹೇಳಿದೆ.

“ವೆಲ್ಡಿಂಗ್ ಅದ ಏನು ಅಂತ ನೀವು ಕೇಳೇ ಇಲ್ಲಲ್ರಿ” ಅಂದರು ಚನಬಸಪ್ಪ!

“ಕಾಕಾ, ನಿಮಗ ಗೊತ್ತಿತ್ತೇನ್ರಿ?”

“ನಮಗೇನ್ ಗೊತ್ರಿ. ಗುಜರಿಯಿಂದ ಬಂದಂಗ ಕೊಟ್ಟೀವಿ. ಬ್ಯಾಡಂದ್ರ ವಾಪಸ್ ತಂದ್ಕೊಡ್ರಿ.”

ವಾಪಸ್ಸಂತೆ! ಇನ್ನೊಬ್ಬನ ಕೊರಳಿಗೆ ಕಟ್ಟಲಿಕ್ಕೆ! ಆದರೂ ಸಿಟ್ಟು ನುಂಗಿಕೊಂಡು ಹೇಳಿದೆ — ಗುರುಬಸವನ ಗಾಡಿಯದೂ ಇದರ ಜೊತೆಯದೇ, ಇವತ್ತೇ ಬಿಚ್ಚಿಸಿ ನೋಡಿ.

“ಅದಕ್ಕೇನೂ ಆಗಲ್ಲ ಬಿಡ್ರಿ.”

ಫೋನ್ ಇಟ್ಟೇಬಿಟ್ಟರು. ಮಗನ ಜೀವದ ವಿಷಯದಲ್ಲೂ ಇಷ್ಟು ಉಡಾಫೆಯೇ? ಎಂಥ ಅಪ್ಪ ಈತ!

೨೦ ಜೂನ್

ಮೂರು ದಿನದಿಂದ ಫೋನ್ ಎತ್ತುತ್ತಿಲ್ಲ. ಆದರೆ ವಾಟ್ಸಾಪ್ ಸ್ಟೇಟಸ್ ಹಾಕಲು ಪುರುಸೊತ್ತಿದೆ. ವಿಡಿಯೊದಲ್ಲಿ ಗುರುಬಸವನ ಜೀಪು ಲೋಡ್ ತುಂಬಿದ ಟ್ರ್ಯಾಕ್ಟರ್ ಎಳೆಯುತ್ತಿದೆ. ಹಿಂದೆ ಅದೇ ಕೆಂಪು ಹುಕ್. ಸುತ್ತ ಜನ, ಹೆಂಗಸರು, ಜಾತ್ರೆ ನೋಡಿದಂತೆ ನಿಂತಿದ್ದಾರೆ.

ಅಪ್ಪ ಹಾಳಾಗಿ ಹೋಗಲಿ. ಆ ಮಗ ಏನು ಮಾಡಿದ್ದಾನೆ?

ಗೋದಾವರಿಗೆ ತೋರಿಸಿದೆ. “ಮೊದಲ ಹೋಗಿ ಹೇಳಿ ಬರ್ರಿ. ಸಿಟ್ಟು ಆಮ್ಯಾಲ ಮಾಡ್ಲಕ್ಕ ಬರ್ತದ” ಅಂದಳು.

೨೨ ಜೂನ್, ಭಾನುವಾರ, ವೈಜಾಪುರ, ಮಧ್ಯಾಹ್ನ ೨

ಸಂಭಾಜಿನಗರದಿಂದ ಹಿಂತಿರುಗುವ ದಾರಿ. ರಸ್ತೆ ಬದಿಗೆ ಗಾಡಿ ನಿಲ್ಲಿಸಿದ್ದೇನೆ. ಓಡಿಸಲಾಗುತ್ತಿಲ್ಲ.

ಬೆಳಿಗ್ಗೆ ಹೋಗುವಾಗ ನಿಫಾಡ್‌ನಿಂದಲೇ ಬೈಗುಳ ಜೋಡಿಸಿಟ್ಟುಕೊಂಡಿದ್ದೆ. ಅಂಗಡಿಯ ಮುಂದೆ ಅಪ್ಪ, ಮಗ ಇಬ್ಬರೂ ಇದ್ದರು. ನಾನು ಬಂದ ಕಾರಣ ಹೇಳುತ್ತಲೇ ಗುರುಬಸವನ ಮುಖ ಬಿಳಿಚಿತು. ಪಾಪ, ಓಡಿಹೋಗಿ ಗ್ರೈಂಡರ್ ತಂದ.

“ಏ, ಬ್ಯಾಡೋ, ಬಣ್ಣ ಹೋಗ್ತದ” ಅಂದರು ಚನಬಸಪ್ಪ. ಬಣ್ಣದ ಚಿಂತೆ!

ಅವನ ಜೀಪಿನ ಹುಕ್ಕನ್ನು ನಾನೇ ಕುಳಿತು ತಿಕ್ಕಿದೆ. ಬಣ್ಣ ಹೋಯಿತು. ಪುಟ್ಟಿ ಇಲ್ಲ. ಬೆಸುಗೆ ಇಲ್ಲ. ಇಡೀ ಹುಕ್ಕು ಒಂದೇ ಅಖಂಡ ಕಬ್ಬಿಣ.

ಗುರುಬಸವ ಖುಷಿಯಿಂದ ನಕ್ಕುಬಿಟ್ಟ. “ಇದು ಛಲೋ ಅದ ಅಣ್ಣಾ! ಜೋಡಿ ಬಂದ ದಿನ ಅಪ್ಪ ಎರಡೂ ತಿಕ್ಕಿ ನೋಡ್ಯಾನ. ‘ಇದು ನಿನ್ನ ಗಾಡಿಗಿರ್ಲಿ’ ಅಂತ ಆರಿಸಿ ಕೊಟ್ಟಾನ. ಆಮ್ಯಾಲನೇ ಬಣ್ಣ ಹಚ್ಚಿದ್ದು.”

ತಾನು ಏನು ಹೇಳಿದೆ ಎಂದು ಅವನಿಗೆ ತಿಳಿಯಲಿಲ್ಲ. ಅವನ ಅಪ್ಪನಿಗೆ ತಿಳಿಯಿತು. ನೆಲ ನೋಡುತ್ತ ನಿಂತರು. ಬೈಗುಳ ಬಿಟ್ಟು ಗ್ರೈಂಡರನ್ನು ಗುರುಬಸವನ ಕೈಗೆ ಕೊಟ್ಟೆ. ಗಾಡಿ ಹತ್ತಿ ಬಂದೆ. ಇಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿಲ್ಲ.

ಅದೇ ದಿನ, ಸಂಜೆ ೭

ಗೋದಾವರಿ ಬಾಗಿಲಲ್ಲೇ ಕಾಯುತ್ತಿದ್ದಳು.

“ಅವರ ಮಗನ ಹುಕ್ ಹ್ಯಾಂಗದರಿ?”

“ಛಲೋ ಅದ.”

“ಸದ್ಯ! ನನ್ನ ಜೀವ ಅಲ್ಲೇ ಇತ್ತು ನೋಡ್ರಿ.” ಕಣ್ಣು ಮುಚ್ಚಿ ಕೈ ಮುಗಿದಳು. ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ ಇವಳು, ಆ ಮನೆಯ ಮಗನಿಗಾಗಿ. ಇವಳಿಗೆ ಹೇಗೆ ಹೇಳಲಿ — ಆ ಮನುಷ್ಯ ಎರಡನ್ನೂ ನೋಡಿ, ಆರಿಸಿ, ಗೊತ್ತಿದ್ದೂ ನಮಗೆ ಮುರಿದು ಬೆಸೆದದ್ದನ್ನೇ ಕೊಟ್ಟನೆಂದು?